ರಾಣಿ ವಿಕ್ಟೋರಿಯಾ ಅಗೇವ್: ಕುಂಡದ ಗಿಡಕ್ಕೆ ಏನಾಗಿದೆ ಎಂದು ಪತ್ತೆ ಹಚ್ಚುವುದು

ಗಿಡಕ್ಕೆ ಏನೋ ಆಗಿದೆ ಎಂಬ ಅನುಮಾನ ಬಂದ ಕೂಡಲೇ ನೀರಿನ ತಂಬಿಗೆಯನ್ನು ಕೆಳಗಿಡಿ. ಗೊಬ್ಬರದ ಡಬ್ಬಿಯನ್ನಂತೂ ಮುಟ್ಟಲೇಬೇಡಿ. ಭೂತಾಳೆಯ ಬಳಗದ ರಾಣಿ ವಿಕ್ಟೋರಿಯಾ ಅಗೇವ್ ಬೆಳೆಯುವುದೂ ನಿಧಾನ, ಕೆಡುವುದೂ ನಿಧಾನ. ಇವತ್ತೇ ಕೈಹಾಕಬೇಕಾದ ತೊಂದರೆ ಇದಕ್ಕೆ ಬರುವುದು ತೀರಾ ಕಡಿಮೆ. ಉಳಿದದ್ದಕ್ಕೆಲ್ಲ ಒಂದು ವಾರ ನೋಡಿ ಆಮೇಲೆ ತೀರ್ಮಾನಿಸಿದರೂ ನಷ್ಟವಿಲ್ಲ. ಕುಂಡದಲ್ಲಿ ಸಾಯುವ ಗಿಡಗಳಲ್ಲಿ ಹೆಚ್ಚಿನವು ರೋಗದಿಂದ ಸಾಯುವುದಿಲ್ಲ. "ಯಾಕೋ ಬೆಳೀತಾನೇ ಇಲ್ಲ" ಎಂದು ಮಾಡಿದ ಉಪಚಾರದಿಂದ ಸಾಯುತ್ತವೆ.

ಸರಿಯಿರುವ ಗಿಡ ಹೇಗಿರುತ್ತದೆ

ಇದರ ತವರು ಮೆಕ್ಸಿಕೊದ ಈಶಾನ್ಯ ಭಾಗ. ಚಿಹುವಾಹುವಾ ಮರುಭೂಮಿಯ ಕೊವಾಹುಯಿಲಾ, ನ್ಯೂವೊ ಲಿಯೊನ್, ಡುರಾಂಗೊ ರಾಜ್ಯಗಳಲ್ಲಿ ಸುಣ್ಣಕಲ್ಲಿನ ಕಡಿದಾದ ಇಳಿಜಾರುಗಳ ಮೇಲೆ ಬೆಳೆಯುತ್ತದೆ. ಮಾಂಟೆರೇ ನಗರದ ಪಕ್ಕದ ಹುವಾಸ್ಟೆಕಾ ಕಣಿವೆಯಲ್ಲಿ ನೆಟ್ಟಗೆ ನಿಂತ ಬಂಡೆಗಳ ಬಿರುಕಿನಲ್ಲಿ ಬೇರು ಸಿಕ್ಕಿಸಿಕೊಂಡು ಕೂತಿರುತ್ತದೆ. ಅಲ್ಲೂ ಮಳೆ ಬರುತ್ತದೆ, ಆದರೆ ಬಂದ ನೀರು ಬೇರಿನ ಬಳಿ ನಿಲ್ಲುವುದಿಲ್ಲ. 1875ರಲ್ಲಿ ಇಂಗ್ಲೆಂಡಿನ ಸಸ್ಯತಜ್ಞ ಥಾಮಸ್ ಮೂರ್ ಇದನ್ನು ವರ್ಣಿಸಿ ಆಗಿನ ರಾಣಿಯ ಹೆಸರಿಟ್ಟರು. ಚಂದಕ್ಕೆ ಮರುಳಾದ ಜನ ಕಾಡಿನಿಂದ ಕಿತ್ತು ಕಿತ್ತು ಮಾರಿದ್ದರಿಂದ ಈಗ ಕಾಡು ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಬೀಜದಿಂದ ಎಬ್ಬಿಸಿದ ಗಿಡವನ್ನೇ ಕೇಳಿ ಕೊಳ್ಳುವುದು ಒಳ್ಳೆಯದು.

ವಯಸ್ಸಾದ ಗಿಡವೂ ಸುಮಾರು 30 ಸೆಂ.ಮೀ. ಎತ್ತರ, 45 ಸೆಂ.ಮೀ. ಅಗಲದ ಆಸುಪಾಸಿನಲ್ಲೇ ನಿಲ್ಲುತ್ತದೆ. ನಮ್ಮ ಹೊಲದ ಬೇಲಿಗಳಲ್ಲಿ ಆಳೆತ್ತರ ಬೆಳೆಯುವ ಭೂತಾಳೆಯ ಹತ್ತಿರದ ನೆಂಟ ಇದು ಎಂದರೆ ನಂಬುವುದು ಕಷ್ಟ. ಎಲೆ 15ರಿಂದ 20 ಸೆಂ.ಮೀ. ಉದ್ದ, ದಪ್ಪ, ಗಡುಸು, ಬೆನ್ನಿನ ಕಡೆ ಏಣಿನಂತೆ ಎದ್ದಿರುತ್ತದೆ. ಅಂಚಿಗೆ ಬಿಳಿ ಪಟ್ಟಿ, ಮೈಮೇಲೆ ಸುಣ್ಣದಲ್ಲಿ ಎಳೆದಂಥ ಗೆರೆ. ಅಂಚಿನಲ್ಲಿ ಮುಳ್ಳಿಲ್ಲ, ತುದಿಯಲ್ಲಿ ಮಾತ್ರ ಕಪ್ಪು ಮುಳ್ಳು, ಕೆಲವೊಮ್ಮೆ ಅದರ ಅಕ್ಕಪಕ್ಕ ಇನ್ನೆರಡು ಚಿಕ್ಕವು. ಎಲೆಗಳು ಒಂದರ ಮೇಲೊಂದು ಎಷ್ಟು ಬಿಗಿಯಾಗಿ ಕೂತಿರುತ್ತವೆ ಎಂದರೆ ಚೆನ್ನಾಗಿ ಬೆಳೆದ ಗಿಡದಲ್ಲಿ ನಡುವೆ ಬೆರಳು ತೂರಿಸಲು ಆಗುವುದಿಲ್ಲ.

ಜಾಗ ಮೊದಲು, ಬಣ್ಣ ಕೊನೆಗೆ

ಎಲ್ಲರೂ ಮೊದಲು ಹೇಳುವುದು ಬಣ್ಣವನ್ನೇ. "ಹಳದಿ ಆಗಿದೆ", "ಕಂದು ಆಗಿದೆ". ಈ ಗಿಡದಲ್ಲಿ ಬಣ್ಣ ಕೊಡುವ ಸುಳಿವು ಅತಿ ಕಡಿಮೆ, ಏಕೆಂದರೆ ಬಿಸಿಲು, ಕೊಳೆ, ಮುಪ್ಪು ಮೂರಕ್ಕೂ ಕೊನೆಗೆ ಬರುವುದು ಕಂದು ಬಣ್ಣವೇ. ಹಾಗಾಗಿ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ತೊಂದರೆ ಎಲ್ಲಿದೆ: ಸುಳಿಯಲ್ಲೋ, ನಡು ಸುತ್ತಿನಲ್ಲೋ, ಮಣ್ಣಿಗೆ ತಾಗಿದ ಕೆಳಗಿನ ಎಲೆಗಳಲ್ಲೋ? ಆ ಜಾಗ ಒತ್ತಿದರೆ ಗಟ್ಟಿಯೋ ಮೆತ್ತಗೋ? ಹೋದ ವಾರಕ್ಕೂ ಈ ವಾರಕ್ಕೂ ಹರಡಿದೆಯೋ ಇಲ್ಲವೋ? ಬಣ್ಣದ ಮಾತು ಇವೆಲ್ಲ ಆದ ಮೇಲೆ.

ಒತ್ತಿ ನೋಡುವಾಗ ಬೆರಳಿಗಿಂತ ಪೆನ್ಸಿಲ್ಲಿನ ರಬ್ಬರ್ ತುದಿ ವಾಸಿ. ಮುಳ್ಳು ಚುಚ್ಚುವುದಿಲ್ಲ, ಎಲೆಗಳ ಸಂದಿಗೂ ಇಳಿಯುತ್ತದೆ.

ಜಾಗವನ್ನು ಮೊದಲು ನೋಡುವುದಕ್ಕೆ ಕಾರಣವಿದೆ. ಹೊಸ ಎಲೆ ಹುಟ್ಟುವುದು ಸುಳಿಯಲ್ಲಿ ಮಾತ್ರ. ಒಂದೊಂದು ಎಲೆ ಬಂದಂತೆ ಹಳೆಯದು ಹೊರಕ್ಕೆ ಸರಿಯುತ್ತದೆ. ಒಮ್ಮೆ ಬಿದ್ದ ಗಾಯ ಮಾಯುವುದಿಲ್ಲ, ಎಲೆ ಇರುವಷ್ಟು ಕಾಲ ಗುರುತು ಅಲ್ಲೇ ಇರುತ್ತದೆ. ಬೇಗ ಬೆಳೆಯುವ ಗಿಡವಾದರೆ ಹಳೆ ಎಲೆ ಉದುರಿ ಸಾಕ್ಷಿ ಅಳಿಸಿ ಹೋಗುತ್ತಿತ್ತು. ಇದರಲ್ಲಿ ಹಲವು ವರ್ಷಗಳ ಹಿಂದಿನ ಬೇಸಿಗೆಯ ಸುಟ್ಟ ಕಲೆಯೂ ಎದುರಿಗೇ ಕಾಣುತ್ತದೆ. ಹೊರ ಸುತ್ತುಗಳಲ್ಲಿ ಕಲೆಯಿದ್ದು ಅದರ ಒಳಗಿನ ಎಲೆಗಳೆಲ್ಲ ಚೊಕ್ಕವಾಗಿದ್ದರೆ ತೊಂದರೆ ಬಂದು ಹೋಗಿದೆ ಎಂದರ್ಥ. ಪ್ರಾಯಶಃ ನರ್ಸರಿಯಲ್ಲೇ ಆದದ್ದು. ಅದಕ್ಕೆ ಇವತ್ತು ಔಷಧಿ ಹೊಡೆದು ಪ್ರಯೋಜನವಿಲ್ಲ. ಒಳಗಿನ ಎಲೆಗಳು ಸಣ್ಣವಾಗಿ, ಮಾಸಲಾಗಿ, ವಕ್ರವಾಗಿ ಬರುತ್ತಿದ್ದರೆ ತೊಂದರೆ ಈಗ ನಡೆಯುತ್ತಿದೆ.

ಇದನ್ನು ಅಂದಾಜಿಗೆ ಬಿಡಬೇಡಿ. ಗಿಡ ತಂದ ದಿನವೇ ಸುಳಿಯ ಪಕ್ಕದ ಹೊಸ ಎಲೆಯ ಮುಳ್ಳಿನ ಕೆಳಗೆ ಮಾರ್ಕರ್‌ನಿಂದ ಒಂದು ಚುಕ್ಕಿ ಇಡಿ, ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಮುಂದಿನ ವರ್ಷ ಚುಕ್ಕಿಯಿಂದ ಒಳಗೆ ಎಲೆ ಎಣಿಸಿದರೆ ಗಿಡ ಬೆಳೆದಿದೆಯೋ ಇಲ್ಲವೋ ಎಂಬ ವಾದಕ್ಕೇ ಜಾಗವಿಲ್ಲ.

ದೂರು ಬರುತ್ತದೆ, ದೋಷವಿಲ್ಲ

ಬಿಳಿ ಗೆರೆಗಳು ಬೂಷ್ಟಲ್ಲ, ಹುಳವೂ ಅಲ್ಲ. ಸುಳಿಯೊಳಗೆ ಎಲೆಗಳು ಒಂದಕ್ಕೊಂದು ಒತ್ತಿಕೊಂಡಿದ್ದಾಗ ಮೂಡಿದ ಅಚ್ಚು ಅವು. ಅನುಮಾನವಿದ್ದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ: ಗೆರೆ ಹೋಗುವುದಿಲ್ಲ, ಹಿಟ್ಟು ತಿಗಣೆಯೆಂಬ ಬಿಳಿ ಹುಳವಾದರೆ ಹತ್ತಿಗೆ ಅಂಟಿಕೊಂಡು ಬರುತ್ತದೆ. ಇವೆರಡೂ ಅಲ್ಲದ ಮೂರನೆಯ ಬಿಳುಪು ಒಂದಿದೆ. ಬೋರ್‌ವೆಲ್ ನೀರನ್ನು ಮೇಲಿನಿಂದ ಸುರಿದವರ ಗಿಡದಲ್ಲಿ ಎಲೆಯ ಮೇಲೆ ಚುಕ್ಕೆ ಚುಕ್ಕೆ ಸುಣ್ಣ ಕೂರುತ್ತದೆ. ನೀರು ಬೆರೆಸಿದ ವಿನೆಗರ್ ತಾಗಿಸಿದರೆ ಕರಗುತ್ತದೆ, ಆಮೇಲೆ ಬರೀ ನೀರಿನಿಂದ ಒರೆಸಬೇಕು. ಸುಣ್ಣಕಲ್ಲಿನ ಮೇಲೆ ಹುಟ್ಟಿದ ಗಿಡಕ್ಕೆ ಗಡಸು ನೀರಿನಿಂದ ಅಂಥ ಹಾನಿಯೇನೂ ಇಲ್ಲ, ನೋಡಲು ಮಾತ್ರ ಕೆಡುತ್ತದೆ.

ಮಣ್ಣಿಗೆ ತಾಗಿದ ಒಂದೆರಡು ಎಲೆ ತುದಿಯಿಂದ ಬುಡದವರೆಗೆ ಒಣಗಿ ಕಾಗದದಂತಾದರೆ ಮುಪ್ಪು. ಎಳೆಯಬೇಡಿ. ತಾನಾಗಿ ಸಡಿಲವಾಗದ ಎಲೆಯನ್ನು ಕಿತ್ತರೆ ಕಾಂಡದಲ್ಲಿ ಹಸಿ ಗಾಯವಾಗಿ, ಮಳೆಗಾಲದಲ್ಲಿ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ.

ಚಳಿಗಾಲದಲ್ಲಿ, ಇಲ್ಲವೇ ಬಿರುಬಿಸಿಲಿನಲ್ಲಿ ನೀರಿಲ್ಲದೆ ನಿಂತಾಗ ಎಲೆಗೆ ಸ್ವಲ್ಪ ಕೆನ್ನೇರಳೆ ಛಾಯೆ ಬರುವುದುಂಟು. ಎಲೆ ಗಟ್ಟಿಯಿದ್ದರೆ ಸುಮ್ಮನಿರಿ.

"ಮರಿ ಹಾಕುತ್ತಿಲ್ಲ" ಎನ್ನುವುದು ದೂರೇ ಅಲ್ಲ. ಹೆಚ್ಚಿನ ಗಿಡಗಳು ಜೀವಮಾನವಿಡೀ ಒಂಟಿಯಾಗಿಯೇ ಇರುತ್ತವೆ; ಬುಡದಲ್ಲಿ ಮರಿ ಬಿಡುವ ತಳಿಗಳೂ ಇವೆ, ಅದು ಹುಟ್ಟುಗುಣ.

ಇನ್ನು "ಬೆಳೆಯುತ್ತಿಲ್ಲ". ವರ್ಷಕ್ಕೆ ಬೆರಳೆಣಿಕೆಯ ಎಲೆ ಬಂದರೂ ಇದರ ಲೆಕ್ಕದಲ್ಲಿ ಬೆಳವಣಿಗೆಯೇ. ಚುಕ್ಕಿಯಿಂದ ಒಳಗೆ ಒಂದು ವರ್ಷದಲ್ಲಿ ಒಂದೂ ಎಲೆ ಬಂದಿಲ್ಲವೆಂದರೆ ಮಾತ್ರ ಮುಂದಿನ ಭಾಗ ಓದಿ. ಸಾರಜನಕ ಜಾಸ್ತಿಯಿರುವ ಗೊಬ್ಬರ ಕೊಟ್ಟರೆ ಬೇಗ ಬೆಳೆಯುತ್ತದೆ, ಹೌದು. ಆದರೆ ಎಲೆ ನೀರುನೀರಾಗಿ, ಎಲೆಗಳ ಗೂಡು ಸಡಿಲವಾಗಿ, ಕೊಳೆಯುವುದೂ ಅಷ್ಟೇ ಬೇಗ. ಬೇಗ ದೊಡ್ಡದಾಗುವ ಗಿಡವೇ ಬೇಕಿದ್ದರೆ ಬೇರೆ ಅಗೇವ್ ತರುವುದು ವಾಸಿ.

ಗಿಡ ಅಲುಗಾಡುತ್ತಿದೆ

ನನಗೆ ಕೇಳಿದರೆ ಇದೇ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ, ಮತ್ತು ಯಾರೂ ಮಾಡದ ಪರೀಕ್ಷೆ. ಹಳೆ ಪೇಪರನ್ನು ಮಡಚಿ ಪಟ್ಟಿ ಮಾಡಿ ಗಿಡದ ಸುತ್ತ ಹಾಕಿ, ಎರಡೂ ತುದಿ ಹಿಡಿದು ಮೆಲ್ಲಗೆ ಅತ್ತಿತ್ತ ತಳ್ಳಿ. ಬೇರಿರುವ ಗಿಡ ಕುಂಡದ ಸಮೇತ ವಾಲುತ್ತದೆ. ಬೇರು ಹೋದ ಗಿಡ ಮಾತ್ರ ಅಲುಗುತ್ತದೆ, ಮಣ್ಣು ಅಲುಗುವುದಿಲ್ಲ. ಎಲೆ ಮಂಕಾಗಿ ಸ್ವಲ್ಪ ಒಳಕ್ಕೆ ಬಾಗಿ, ಒತ್ತಿದರೆ ಚೂರು ಬಗ್ಗುತ್ತಿದ್ದರೆ ನೀರಿಲ್ಲದ ಗಿಡ ಅನ್ನಿಸುತ್ತದೆ. ಮಣ್ಣು ಒದ್ದೆಯಿದ್ದೂ ಹಾಗಿದ್ದರೆ ನೀರು ಕುಡಿಯಲು ಬೇರೇ ಇಲ್ಲ. ಆಗ ಇನ್ನಷ್ಟು ನೀರು ಹಾಕುವುದೆಂದರೆ ಉಳಿದ ಬೇರನ್ನೂ ಕೊಂದಂತೆ.

ಕುಂಡದಿಂದ ಬಿಡಿಸಿ ನೋಡಿ. ಬದುಕಿರುವ ಬೇರು ಬಿಳಿಯಿಂದ ತಿಳಿಕಂದು, ಎಳೆದರೆ ತಡೆಯುತ್ತದೆ. ಸತ್ತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ವೈರಿನ ಪ್ಲಾಸ್ಟಿಕ್ ಜಾರಿದ ಹಾಗೆ ಮೇಲಿನ ಸಿಪ್ಪೆ ಜಾರಿ ನಡುವಿನ ದಾರ ಮಾತ್ರ ಉಳಿಯುತ್ತದೆ. ಒಣಗಿ ಸತ್ತದ್ದಾದರೆ ದಾರ ಪುಡಿಯಾಗುತ್ತದೆ, ಕೊಳೆತು ಸತ್ತದ್ದಾದರೆ ಕಪ್ಪಗೆ ನಾರುತ್ತದೆ. ಎರಡಕ್ಕೂ ಉಪಚಾರ ಒಂದೇ: ಸತ್ತದ್ದನ್ನೆಲ್ಲ ಕತ್ತರಿಸಿ, ಬುಡವನ್ನು ನೆರಳಿನಲ್ಲಿ, ಗಾಳಿಯಲ್ಲಿ ಒಂದೆರಡು ವಾರ ಒಣಗಲು ಬಿಟ್ಟು, ಒಣ ಮಣ್ಣಿನಲ್ಲಿ ಕೂರಿಸುವುದು. ಎಲೆಯಲ್ಲೇ ನೀರಿನ ದಾಸ್ತಾನು ಇರುವುದರಿಂದ ಅಷ್ಟು ದಿನ ಬೇರಿಲ್ಲದೆ ಇರುವುದು ಇದಕ್ಕೆ ದೊಡ್ಡ ವಿಷಯವಲ್ಲ. ಕೂರಿಸಿ ಒಂದು ವಾರವಾದ ಮೇಲೆ ಸ್ವಲ್ಪ ನೀರು. ಆಮೇಲೆ ಎತ್ತಿ ಎತ್ತಿ ಬೇರು ಬಂತಾ ಎಂದು ನೋಡಬೇಡಿ. ಪೇಪರ್ ಪಟ್ಟಿ ಪರೀಕ್ಷೆಯೇ ಸಾಕು.

ಬೇರು ಹೋಗಲು ಕಾರಣ ಸಾಮಾನ್ಯವಾಗಿ ಮಣ್ಣು. ನಮ್ಮಲ್ಲಿ ಎರಡು ಬಗೆಯ ಕೆಟ್ಟ ಮಣ್ಣಿನಲ್ಲಿ ಈ ಗಿಡ ಮಾರಾಟಕ್ಕೆ ಬರುತ್ತದೆ. ಒಂದು, ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಒದ್ದೆಯಿದ್ದಾಗ ದಿನಗಟ್ಟಲೆ ಒದ್ದೆ. ಒಮ್ಮೆ ಪೂರ್ತಿ ಒಣಗಿದರೆ ನೀರನ್ನೇ ಒಳಗೆ ಬಿಡದೆ ಕುಂಡದ ಗೋಡೆಗುಂಟ ಹರಿಸಿಬಿಡುತ್ತದೆ. ಮೇಲೆ ನೀರು ಹಾಕಿದ್ದೇವೆ, ಕೆಳಗೆ ತೂತಿನಿಂದ ಬಂದೂ ಇದೆ, ನಡುವಿನ ಬೇರಿನ ಮುದ್ದೆ ಮಾತ್ರ ಒಣಗಿಯೇ ಇರುತ್ತದೆ. ಎರಡು, ಗೊಬ್ಬರ ಬೆರೆಸಿದ ಕೆಂಪು ಮಣ್ಣು. ಕೆಲವು ತಿಂಗಳಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿ ಬೇರಿಗೆ ಗಾಳಿಯೇ ಇರುವುದಿಲ್ಲ. ತಂದ ಗಿಡವನ್ನು ಮಳೆಗಾಲಕ್ಕೆ ಮೊದಲೇ ಬೇರೆ ಮಣ್ಣಿಗೆ ಬದಲಾಯಿಸಿ: ಮುಕ್ಕಾಲು ಪಾಲು 3ರಿಂದ 6 ಮಿ.ಮೀ. ಗಾತ್ರದ ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು), ಸಣ್ಣ ಜಲ್ಲಿ, ಇಟ್ಟಿಗೆ ಚೂರು, ಯಾವುದು ಸಿಗುತ್ತದೋ ಅದು. ಉಳಿದ ಕಾಲು ಪಾಲು ಜರಡಿ ಹಿಡಿದ ಮಣ್ಣು ಅಥವಾ ಎರೆಗೊಬ್ಬರ. ಎಂ-ಸ್ಯಾಂಡ್ ಹಾಕುವವರು ತೊಳೆದು ಹಾಕಬೇಕು. ಅದರ ಕಲ್ಲುಪುಡಿ ನೀರಿಗೆ ಇಳಿದು ತಳದಲ್ಲಿ ಗಾರೆಯಂತೆ ಕೂತುಬಿಡುತ್ತದೆ. ಮಿಶ್ರಣ ಸರಿಯಿದೆಯೋ ನೋಡಲು ತುಂಬಿದ ಕುಂಡಕ್ಕೆ ಒಂದು ಲೋಟ ನೀರು ಹಾಕಿ: ಮೇಲೆ ಕೆರೆಯಂತೆ ನಿಲ್ಲದೆ ನೇರ ಇಳಿದು ತೂತಿನಿಂದ ಹೊರಬರಬೇಕು.

ಕುಂಡ ಬೇರಿನ ಮುದ್ದೆಗಿಂತ ಎರಡು ಮೂರು ಸೆಂ.ಮೀ. ಮಾತ್ರ ದೊಡ್ಡದಿರಲಿ. ಚಂದಕ್ಕೆಂದು ತೂತಿಲ್ಲದ ಸೆರಾಮಿಕ್ ಕುಂಡದೊಳಗೆ ಪ್ಲಾಸ್ಟಿಕ್ ಕುಂಡ ಇಳಿಸಿಟ್ಟಿದ್ದೀರಾ? ಎತ್ತಿ ನೋಡಿ, ಕೆಳಗೆ ನೀರು ನಿಂತಿರುತ್ತದೆ.

ನೀರಿನ ವಿಷಯದಲ್ಲಿ ನರ್ಸರಿಯಲ್ಲಿ ಸಿಗುವ ಸಲಹೆ ಗೊತ್ತೇ ಇದೆ: "ಏನಿಲ್ಲ ಮೇಡಂ, ವಾರಕ್ಕೊಂದ್ಸಲ ಒಂದ್ ಕಪ್ ಹಾಕಿ ಸಾಕು." ವಾರದ ಲೆಕ್ಕ ಮರೆತುಬಿಡಿ. ಬಿದಿರು ಕಡ್ಡಿಯನ್ನು ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ; ತುದಿ ತಣ್ಣಗೆ, ಗಾಢವಾಗಿದ್ದರೆ ಇನ್ನೂ ಬೇಡ. ಪೂರ್ತಿ ಒಣಗಿದ ಮೇಲೆ ತೂತಿನಿಂದ ಹರಿಯುವಷ್ಟು ಹಾಕಿ. ಒಂದೊಂದು ಕಪ್ ಹಾಕುತ್ತ ಹೋದರೆ ಮೇಲಿನ ಎರಡಿಂಚು ಸದಾ ಒದ್ದೆ, ತಳ ಸದಾ ಒಣ. ಕೆಡುವುದಕ್ಕೆ ಎರಡೂ ಕಾರಣ ಒಟ್ಟಿಗೇ ಸಿಕ್ಕಂತಾಯಿತು.

ಸುಳಿ ಮೆತ್ತಗಾಗಿದೆ

ಇದಕ್ಕೆ ಮಾತ್ರ ತಡಮಾಡುವಂತಿಲ್ಲ. ತೆಂಗು, ಅಡಿಕೆ ಬೆಳೆಯುವವರಿಗೆ ಸುಳಿ ಕೊಳೆ ಎಂದರೆ ಏನೆಂದು ಹೇಳಬೇಕಿಲ್ಲ. ಬೆಳೆಯುವ ತುದಿ ಒಂದೇ ಇರುವ ಗಿಡಕ್ಕೆ ಅದು ಹೋದರೆ ಹೆಚ್ಚುಕಡಿಮೆ ಮುಗಿದಂತೆಯೇ. ಲಕ್ಷಣ ಹೀಗೆ: ನಡುವಿನ ಮುಚ್ಚಿದ ಎಲೆಗಳ ಕೊಂಬು ಬಣ್ಣಗೆಟ್ಟು, ಹಿಡಿದರೆ ಸಡಿಲವಾಗಿ, ಎಳೆದರೆ ಕೈಗೇ ಬರುತ್ತದೆ. ಬುಡ ಕಂದು ಲೋಳೆ, ಹುಳಿ ನಾತ. ಹೊರ ಎಲೆಗಳು ಆಗಲೂ ಹಸಿರಾಗಿ, ಗಟ್ಟಿಯಾಗಿಯೇ ಇರುತ್ತವೆ. ಮೇಲಿನಿಂದ ಫೋಟೊ ನೋಡಿದವರು "ಚೆನ್ನಾಗೇ ಇದೆಯಲ್ಲ" ಎನ್ನುವುದು ಈ ಕಾರಣಕ್ಕೆ.

ಕಾರಣ ಸಾಮಾನ್ಯವಾಗಿ ಮಳೆಯ ಪ್ರಮಾಣಕ್ಕಿಂತ ಮಳೆಯ ಬಿಡುವಿಲ್ಲದಿರುವಿಕೆ. ಬೆಂಗಳೂರಿನಲ್ಲಿ ವರ್ಷಕ್ಕೆ 900ರಿಂದ 1000 ಮಿ.ಮೀ. ಬಿದ್ದರೂ ನಡುನಡುವೆ ಬಿಸಿಲು ಬಂದು ಸುಳಿ ಒಣಗುತ್ತದೆ. ಮಂಗಳೂರಿನಲ್ಲಿ 3,500 ಮಿ.ಮೀ. ಮೀರುವ ಮಳೆ ಹೆಚ್ಚುಕಡಿಮೆ ನಾಲ್ಕು ತಿಂಗಳಲ್ಲೇ ಸುರಿದು, ಎಲೆಗಳ ಸಂದಿ ವಾರಗಟ್ಟಲೆ ಒಣಗುವುದಿಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಗಿಡ ಸೂರಿನಡಿ ಇರಲೇಬೇಕು. ಪ್ಲಾಸ್ಟಿಕ್ ಚೀಲ ಕವುಚಿ ಹಾಕುವುದು ಪರಿಹಾರವಲ್ಲ. ಅಗೇವ್‌ಗಳು ತಮ್ಮ ಎಲೆರಂಧ್ರಗಳನ್ನು ತೆರೆಯುವುದು ರಾತ್ರಿ. ಆ ಹೊತ್ತಿಗೆ ಗಾಳಿಯಾಡಬೇಕು. ಮೇಲೆ ಪಾರದರ್ಶಕ ಶೀಟ್, ನಾಲ್ಕೂ ಬದಿ ತೆರೆದಿರಲಿ.

ಕೊಳೆ ಕಂಡರೆ ಹರಿತವಾದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕೊಳೆತದ್ದನ್ನೆಲ್ಲ ಕತ್ತರಿಸಿ. ಕತ್ತರಿಸಿದ ಮೈ ಪೂರ್ತಿ ಬಿಳಿಯಾಗಿ ಕಾಣುವವರೆಗೆ ನಿಲ್ಲಿಸಬೇಡಿ. ಒಂದು ಕಂದು ಚುಕ್ಕೆ ಉಳಿದರೂ ಅಲ್ಲಿಂದ ಮತ್ತೆ ಶುರು. ಪ್ರತಿ ಕೊಯ್ತಕ್ಕೂ ಚಾಕು ಒರೆಸಿ. ಕೈಗವಸು ಹಾಕಿಕೊಳ್ಳಿ, ಅಗೇವ್ ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿದ್ದು ಚರ್ಮಕ್ಕೆ ತಾಗಿದರೆ ಉರಿ, ತುರಿಕೆ. ಗಾಯಕ್ಕೆ ಗಂಧಕದ ಪುಡಿ ಅಥವಾ ಕಾಪರ್ ಆಕ್ಸಿಕ್ಲೋರೈಡ್ ಉದುರಿಸಿ ಒಣಗಲು ಬಿಡಿ. ಇದು ಶಿಲೀಂಧ್ರಕ್ಕೆ ತಡೆ. ಬ್ಯಾಕ್ಟೀರಿಯಾದಿಂದ ಬರುವ ಮೆತ್ತನೆ ಕೊಳೆಗೆ ನಂಬುವಂಥ ಮದ್ದಿಲ್ಲ, ಚಾಕು ಮತ್ತು ಒಣಗಾಳಿಯೇ ಗತಿ.

ತೋಟದಲ್ಲಿ ಉಳಿದ, ಮೈಲುತುತ್ತು-ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಇದಕ್ಕೂ ಹೊಡೆಯಬಹುದೇ ಎಂದು ಪುತ್ತೂರು, ಶಿರಸಿ ಕಡೆಯವರು ಕೇಳುವುದು ಸಹಜ. ಮಳೆಗೆ ಮೊದಲು ತಡೆಯಾಗಿ ಶೇ. 1ರದ್ದು ಆದೀತು, ಕೊಳೆ ಹತ್ತಿದ ಮೇಲೆ ಉಪಯೋಗವಿಲ್ಲ. ನೀಲಿ ಕಲೆ ಮಾತ್ರ ಬಹುಕಾಲ ಉಳಿದು ಬಿಳಿ ಗೆರೆಯ ಅಂದವನ್ನೆಲ್ಲ ಮುಚ್ಚುತ್ತದೆ. ಅಲಂಕಾರಕ್ಕಾಗಿಯೇ ಸಾಕಿದ ಗಿಡಕ್ಕೆ ನಾನಂತೂ ಹೊಡೆಯುವುದಿಲ್ಲ.

ಸುಳಿ ಪೂರ್ತಿ ಹೋಗಿ ಕೊಳೆ ಅಲ್ಲಿಗೇ ಒಣಗಿ ನಿಂತರೆ ಗಿಡವನ್ನು ಎಸೆಯಬೇಡಿ. ತುದಿಯ ಹಿಡಿತ ತಪ್ಪಿದಾಗ ಎಲೆಕಂಕುಳಲ್ಲಿ ಮಲಗಿದ್ದ ಮೊಗ್ಗುಗಳು ಎಚ್ಚೆತ್ತು ಮರಿ ಬರುವುದುಂಟು. ಬೆಳೆಗಾರರು ಅಗೇವ್‌ಗಳ ಸುಳಿಯನ್ನು ಬೇಕೆಂದೇ ಕೊರೆದು ಮರಿ ಎಬ್ಬಿಸುವುದು ಇದೇ ತತ್ವದ ಮೇಲೆ. ಖಾತ್ರಿಯಿಲ್ಲ, ಬಂದರೂ ತಿಂಗಳುಗಳು ಬೇಕು.

ಬುಡದ ಬಳಿ ತೂತು ಕಂಡು ಗಿಡ ಒಮ್ಮೆಲೇ ಕುಸಿದರೆ ಅದು ಬೇರೆ ಕಥೆ. ಮೆಕ್ಸಿಕೊ, ಅಮೆರಿಕಗಳಲ್ಲಿ ಅಗೇವ್ ಮೂತಿ ಹುಳು ದೊಡ್ಡ ಶತ್ರು. ನಮ್ಮ ತೆಂಗಿನ ಕೆಂಪು ಮೂತಿ ಹುಳುವಿನಂತೆಯೇ ಮರಿಹುಳು ಒಳಗಿನಿಂದ ತಿನ್ನುತ್ತದೆ, ಜೊತೆಗೆ ಕೊಳೆಯನ್ನೂ ತರುತ್ತದೆ. ಟೆಕ್ಸಾಸ್, ಆರಿಜೋನಾ ಕಡೆ ಮನೆಯಂಗಳದಲ್ಲಿ ಇದನ್ನು ನೆಟ್ಟಿರುವ ಕನ್ನಡಿಗರು ಚಳಿಗೆ ಅಷ್ಟಾಗಿ ಹೆದರಬೇಕಿಲ್ಲ, ಒಣ ನೆಲದಲ್ಲಿ ಸೊನ್ನೆಗಿಂತ ಹಲವು ಡಿಗ್ರಿ ಕೆಳಗನ್ನೂ ಇದು ತಡೆಯುತ್ತದೆ. ಹೆದರಬೇಕಾದ್ದು ಈ ಹುಳಕ್ಕೆ. ಹಿಡಿದ ಗಿಡವನ್ನು ಬೇರುಸಮೇತ ತೆಗೆದು, ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು, ಇಲ್ಲವಾದರೆ ಪಕ್ಕದ ಗಿಡಕ್ಕೂ ಹೋಗುತ್ತದೆ.

ಎಲೆಯ ಮೇಲೆ ಕಲೆ

ಬಿಸಿಲಿಗೆ ಸುಟ್ಟ ಕಲೆ ಒಂದೇ ಬದಿಯಲ್ಲಿರುತ್ತದೆ, ಹೆಚ್ಚಾಗಿ ನೈಋತ್ಯ ಅಥವಾ ಪಶ್ಚಿಮಕ್ಕೆ ಮುಖ ಮಾಡಿದ ಎಲೆಗಳ ಮೇಲ್ಮೈಯಲ್ಲಿ. ಮೊದಲು ಬಿಳಿಚಿ, ಆಮೇಲೆ ಕಂದಾಗಿ, ಒಣಗಿ ಗಟ್ಟಿಯಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಬಿಸಿಲು ಬೇಡುವ ಗಿಡವಲ್ಲವೇ ಎಂದು ಕೇಳಬಹುದು. ಬೇಡುತ್ತದೆ, ಆದರೆ ನರ್ಸರಿಯ ನೆರಳುಬಲೆಯಡಿ ಬೆಳೆದದ್ದನ್ನು ಏಪ್ರಿಲ್‌ನಲ್ಲಿ ತಂದು ಅದೇ ದಿನ ತಾರಸಿಯ ಸಿಮೆಂಟಿನ ಮೇಲಿಟ್ಟರೆ ತಡೆಯದು. ಮೊದಲು ಬೆಳಗಿನ ಬಿಸಿಲು, ಮಧ್ಯಾಹ್ನ ಶೇ. 50ರ ನೆರಳುಬಲೆ, ಎರಡು ಮೂರು ವಾರದಲ್ಲಿ ಒಗ್ಗಿಸಿ.

ತಗ್ಗಾದ, ದುಂಡಗಿನ, ಸುತ್ತುಸುತ್ತು ಉಂಗುರವಿರುವ ಕಲೆ ಮಳೆಗಾಲದಲ್ಲಿ ಬಂದು ದಿನೇ ದಿನೇ ಅಗಲವಾಗುತ್ತಿದ್ದರೆ ಚಿಬ್ಬು ರೋಗ. ತೇವವಿದ್ದಾಗ ಕಲೆಯ ನಡುವೆ ಕಿತ್ತಳೆ-ಗುಲಾಬಿ ಅಂಟು ಕಾಣಿಸಿದರೆ ಅನುಮಾನವೇ ಬೇಡ. ಆ ಎಲೆಯನ್ನು ಕತ್ತರಿಸಿ ತೆಗೆದು, ಗಿಡವನ್ನು ಗಾಳಿಗೆ ಸರಿಸಿ, ಮೇಲಿನಿಂದ ನೀರು ಹಾಕುವುದನ್ನು ನಿಲ್ಲಿಸಿ. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಸಿಂಪಡಿಸಬಹುದು.

ರಾತ್ರೋರಾತ್ರಿ ಎಲೆ ಕೆರೆದು ಹೋಗಿದ್ದರೆ ರೋಗವನ್ನು ಬಿಟ್ಟು ಬಾಯಿಯನ್ನು ಹುಡುಕಿ. ಮಳೆಗಾಲದಲ್ಲಿ ಆಫ್ರಿಕನ್ ಬಸವನಹುಳು, ಬೆಳಗ್ಗೆ ನೋಡಿದರೆ ಒಣಗಿದ ಲೋಳೆಯ ಹೊಳೆಯುವ ಜಾಡು ಇರುತ್ತದೆ. ತಾರಸಿಯಲ್ಲಿ ಅಳಿಲು, ಇಲಿ. ಜೋಡಿ ಹಲ್ಲಿನ ಗೀರು ಕಾಣುತ್ತದೆ.

ಹಿಟ್ಟು ತಿಗಣೆ

ಈ ಗಿಡದ ಬಿಗಿಯಾದ ಎಲೆಜೋಡಣೆಯೇ ಅದರ ಅಂದ, ತಿಗಣೆಗೂ ಅದೇ ಕೋಟೆ. ಸಿಂಪಡಿಸಿದ ಔಷಧಿ ಒಳಗಿಳಿಯುವುದಿಲ್ಲ. ಎಲೆ ಮೇಲೆ ತಿಗಣೆ ಕಾಣುವ ಮೊದಲೇ ಇರುವೆ ಸಾಲು ಕಾಣುತ್ತದೆ. ಸುಳಿಯ ಕಡೆ ಇರುವೆ ಹೋಗಿ ಬರುತ್ತಿದ್ದರೆ ಟಾರ್ಚ್ ಬಿಟ್ಟು ಎಲೆಯ ಬುಡ ನೋಡಿ. ಕಡಿಮೆಯಿದ್ದರೆ ಪೇಂಟ್ ಬ್ರಷ್ಷನ್ನು ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಸಂದಿಸಂದಿಗೂ ತಾಗಿಸಿ, ವಾರ ಬಿಟ್ಟು ಮತ್ತೆ. ಬೇವಿನ ಎಣ್ಣೆ ಹಾಕುವವರು ಸಂಜೆ ಹಾಕಿ; ಎಣ್ಣೆ ಮೆತ್ತಿದ ಎಲೆ ಬಿಸಿಲಿಗೆ ಸುಡುತ್ತದೆ. ಕೈಮೀರಿದರೆ ಇಮಿಡಾಕ್ಲೋಪ್ರಿಡ್‌ನಂಥ ಒಳಸೇರುವ ಕೀಟನಾಶಕವನ್ನು ಲೇಬಲ್ಲಿನ ಪ್ರಮಾಣದಲ್ಲಿ ಬೇರಿಗೆ ಹಾಕಬೇಕಾಗುತ್ತದೆ.

ಮೇಲೆ ಒಂದೂ ಇಲ್ಲ, ಗಿಡ ಮಾತ್ರ ವರ್ಷದಿಂದ ಸೊರಗಿದೆ ಎಂದರೆ ಕುಂಡದಿಂದ ಬಿಡಿಸಿ ಮಣ್ಣಿನ ಮುದ್ದೆಯ ಹೊರಮೈ ನೋಡಿ. ಬೇರಿನ ಮೇಲೆ, ಕುಂಡದ ಒಳಗೋಡೆಗೆ ಬಿಳಿ ಹಿಟ್ಟು ಮೆತ್ತಿದಂತಿದ್ದರೆ ಬೇರು ತಿಗಣೆ. ಮಣ್ಣನ್ನೆಲ್ಲ ತೊಳೆದು ಎಸೆದು ಹೊಸ ಮಣ್ಣಿಗೆ ಹಾಕುವುದು ಔಷಧಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆ ಮಣ್ಣನ್ನು ತುಳಸಿ ಕುಂಡಕ್ಕೆ ಸುರಿಯಬೇಡಿ ಮತ್ತೆ.

ಗೂಡು ಬಿಚ್ಚಿಕೊಂಡಿದೆ

ಎಲೆ ಉದ್ದುದ್ದ, ತೆಳು, ತಿಳಿಹಸಿರು, ನಡುವೆ ಸಂದಿ ಎದ್ದು ಕಾಣುತ್ತಿದ್ದರೆ ಬೆಳಕು ಸಾಲುತ್ತಿಲ್ಲ. ಹಾಲ್‌ನ ಟೀಪಾಯಿ ಇದರ ಜಾಗವಲ್ಲ. ಕಿಟಕಿ ಪಕ್ಕ ಇಟ್ಟ ಗಿಡ ಒಂದೇ ಕಡೆ ವಾಲುತ್ತದೆ; ಆಗಾಗ ಕಾಲು ಸುತ್ತು ತಿರುಗಿಸುತ್ತಿರಬೇಕು. ಬಿಸಿಲಿಗೆ ಒಗ್ಗಿಸಿದ ಮೇಲೆ ಹೊಸ ಎಲೆ ಗಿಡ್ಡವಾಗಿ ಬರುತ್ತದೆ, ಹಳೆಯದು ಗಿಡ್ಡವಾಗುವುದಿಲ್ಲ. ಆಕಾರ ಪೂರ್ತಿ ಮರಳಲು ಆ ಎಲೆಗಳೆಲ್ಲ ಹೊರಸುತ್ತಿಗೆ ಸರಿದು ಮುಪ್ಪಾಗಬೇಕು, ಅಂದರೆ ವರ್ಷಗಳು.

ಸುಳಿ ಮೇಲೆದ್ದು ಬರುತ್ತಿದೆ

ಹೊಸ ಎಲೆಗಳು ಚಿಕ್ಕಚಿಕ್ಕದಾಗಿ, ನಡುವಿನ ಕೊಂಬು ದಪ್ಪವಾಗಿ ಮೇಲಕ್ಕೆ ಏಳುತ್ತಿದ್ದರೆ ಗಾಬರಿಯಿಂದ ಔಷಧಿ ಹುಡುಕಬೇಡಿ, ಗಿಡ ಹೂವಿಗೆ ಬಂದಿದೆ. ಸಾಮಾನ್ಯವಾಗಿ 20ರಿಂದ 30 ವರ್ಷವಾದ ಮೇಲೆ, ಜೀವನದಲ್ಲಿ ಒಂದೇ ಸಲ. ಕವಲಿಲ್ಲದ ಕಂಬದಂಥ ತೆನೆ ಮೂರು ನಾಲ್ಕು ಮೀಟರ್ ಏರುತ್ತದೆ. ಆಮೇಲೆ ಗಿಡ ಸಾಯುತ್ತದೆ. ತೆನೆ ಕತ್ತರಿಸಿದರೆ ಉಳಿಯುತ್ತದೆ ಎಂಬ ನಂಬಿಕೆಗೆ ಬೆಲೆ ಕೊಡಬೇಡಿ. ಹೂ ಬಿಡುವ ಹೊತ್ತಿಗೆ ಬೆಳೆಯುವ ತುದಿಯೇ ತೆನೆಯಾಗಿ ಮಾರ್ಪಟ್ಟಿರುತ್ತದೆ. ಗಾಳಿಗೆ ಮುರಿಯದಂತೆ ಕೋಲು ಕಟ್ಟಿ, ಬೀಜ ಸಿಕ್ಕರೆ ಬಿತ್ತಿ.

ಯಾವ ಲಕ್ಷಣವೂ ಹೊಂದುತ್ತಿಲ್ಲವೇ

ಹಾಗಿದ್ದರೆ ಗಿಡವೇ ಬೇರೆ ಇರಬಹುದು. ಎಲೆಯಂಚಿನಲ್ಲಿ ಬಿಳಿ ನಾರು ಸುರುಳಿ ಬಿಚ್ಚಿಕೊಂಡಿದ್ದರೆ ಅದು ಫಿಲಿಫೆರಾ ಎಂಬ ಬೇರೆ ಅಗೇವ್ ಅಥವಾ ಅದರ ಬಳಗದ್ದು. ಅವುಗಳಿಗೂ ಬಿಳಿ ಗೆರೆ ಇರುವುದರಿಂದ ಇದೇ ಹೆಸರಲ್ಲಿ ಮಾರಾಟವಾಗುತ್ತವೆ. ಅಂಚಿನುದ್ದಕ್ಕೂ ಮುಳ್ಳಿದ್ದರೆ ಇದಂತೂ ಅಲ್ಲ. ಎಲೆ ಕಡಿಮೆ, ತುದಿಮುಳ್ಳು ದಪ್ಪ ಕಪ್ಪು, ಗೂಡು ಸಡಿಲ ಎಂದರೆ ಮೆಕ್ಸಿಕೊದ ಸಾಲ್ಟಿಲೊ ಕಡೆಯ ನಿಕೆಲ್ಸಿಯೆ ಎಂಬ ಅಗೇವ್ ಇರಬಹುದು. ಹಿಂದೆ ಅದನ್ನು ಇದರದೇ ಒಂದು ರೂಪ ಎಂದು ಕರೆಯುತ್ತಿದ್ದರು, ಆರೈಕೆಯೂ ಬಹುತೇಕ ಒಂದೇ. ಹಳದಿ ಅಂಚಿನ ತಳಿಗಳಿಗೆ ಹಸಿರು ಭಾಗ ಕಡಿಮೆ, ಹಾಗಾಗಿ ಇನ್ನೂ ನಿಧಾನ, ಬಿಸಿಲಿಗೆ ಬೇಗ ಸುಡುತ್ತವೆ. ಅವಕ್ಕೆ ಬೇಸಿಗೆಯ ಮಧ್ಯಾಹ್ನದ ನೆರಳನ್ನು ಒಗ್ಗಿದ ಮೇಲೂ ತೆಗೆಯಬೇಡಿ.